ಕಾನೂನಿನ ಮಗಳು

ಭಾನುವಾರ ಬೆಳಿಗ್ಗೆ ಆರೂವರೆಗೆ ಶಂಕರಲಿಂಗ ಮಾಸ್ತರರ ಮೊಬೈಲು ಟಿಣ್ ಎಂದಿತು. ಅದನ್ನು ನೋಡದೆ ಇದ್ದಿದ್ದರೆ ಅವರು ಚಹಾ ಕುಡಿದು, ಮೈದಾನಕ್ಕೆ ಹೋಗಿ ಹುಡುಗಿಯರಿಗೆ ಬೈದು, ಮನೆಗೆ ಬಂದು ರೊಟ್ಟಿ ಉಂಡು, ಮಧ್ಯಾಹ್ನ ಒಂದು ಗಳಿಗೆ ಮಲಗಿ ಆ ದಿನವನ್ನು ಸುಖವಾಗಿ ಕಳೆಯಬಹುದಿತ್ತು. ಆದರೆ ನೋಡಿದರು. ನೋಡಿದ್ದೇ ತಡ, ಬಾಯೊಳಗಿದ್ದ ಚಹಾ ಅಂಗಳದ ಗೇಟಿನವರೆಗೂ ಹಾರಿತು.

"ಎಂಟನೇ ನಂಬರ್! ಎಂಟು ತಂಡದಾಗ ಎಂಟನೇ ನಂಬರ್!"

"ಒಂಬತ್ತನೇ ತಂಡ ಇರಲಿಲ್ಲೇನ್ರಿ?" ಎಂದು ಅಡುಗೆಮನೆಯಿಂದ ಹೆಂಡತಿ ಸುನಂದಾ ಕೇಳಿದರು.

ಶಂಕರಲಿಂಗ ಮಾಸ್ತರರು ಬಾಗಲಕೋಟೆಯ ನವನಗರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರರು. ಹದಿನಾಲ್ಕು ವರ್ಷದಿಂದ ನವನಗರದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಕೊರಳಲ್ಲಿ ಕರಿ ದಾರದ ಸೀಟಿ ಸದಾ ಇರುತ್ತಿತ್ತು. ಮದುವೆಗೆ ಹೋದರೂ ತೆಗೆಯುತ್ತಿರಲಿಲ್ಲ, ಮಣ್ಣಿಗೆ ಹೋದರೂ ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಸುನಂದಾ ಅವರ ಮಾತು ನಡೆಯುತ್ತಿತ್ತು, ಶಾಲೆಯಲ್ಲಿ ಹೆಡ್‌ಮಾಸ್ತರರ ಮಾತು. ಇವರ ಮಾತು ನಡೆಯುತ್ತಿದ್ದುದು ಆ ಸೀಟಿ ಊದಿದಾಗ ಮಾತ್ರ. ಅದು ಹೋದರೆ ತಾವು ಬರೀ ಒಬ್ಬ ಬೊಕ್ಕತಲೆಯ ಮನುಷ್ಯ ಎಂಬುದು ಅವರಿಗೂ ಗೊತ್ತಿತ್ತು.

ಮೊಬೈಲಿಗೆ ಬಂದದ್ದು ಜಿಲ್ಲೆಯ ಎಂಟು ತಂಡಗಳು ಸೇರಿ ಕಟ್ಟಿಕೊಂಡ ಬಾಸ್ಕೆಟ್‌ಬಾಲ್ ಕೂಟದ ವರದಿ. ಇಷ್ಟು ವರ್ಷ ಕೂಟದವರು ಯಾರು ಕಪ್ ಗೆದ್ದರು ಅಂತ ನೋಡುತ್ತಿದ್ದರೇ ಹೊರತು, ಗೆದ್ದ ಹುಡುಗಿಯರು ಆಮೇಲೆ ಏನಾದರು ಅಂತ ಒಬ್ಬನೂ ಕೇಳಿರಲಿಲ್ಲ. ಹಿರಿಯರು ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಿದ್ದರು. ಹುಡುಗಿಯರು ಆಟ ಬಿಟ್ಟು ಮನೆಗೆ ಹೋಗುತ್ತಿದ್ದರು. ಈ ಸಲ ಯಾರಿಗೋ ನಾಚಿಕೆಯಾಗಿ, ಯಾವ ತಂಡ ಎಳೆಯ ಹುಡುಗಿಯರನ್ನು ಹೇಗೆ ಆರಿಸುತ್ತದೆ, ಆರಿಸಿದವರನ್ನು ಹೇಗೆ ಬೆಳೆಸುತ್ತದೆ ಎಂದು ಅಳೆಯೋಣ ಅಂತ ತೀರ್ಮಾನವಾಗಿತ್ತು.

ಅಳೆಯುವ ಕ್ರಮವೂ ಚೆನ್ನಾಗಿತ್ತು. ಪ್ರತಿ ತಂಡದ ಐದು ವರ್ಷದ ಪಟ್ಟಿ: ಯಾವ ವಯಸ್ಸಿಗೆ ಆರಿಸಿದರು, ಎತ್ತರ ಎಷ್ಟು, ಎಷ್ಟು ನಿಮಿಷ ಆಡಿಸಿದರು, ಕೋಚ್‌ಗೆ ಏನಾದರೂ ಸಂಬಂಧವೇ, ಈಗ ಎಲ್ಲಿದ್ದಾಳೆ. ಊರಿನ ಹೆಸರಿಲ್ಲ, ಹುಡುಗಿಯರ ಹೆಸರಿಲ್ಲ. ಎಂಟು ಲಕೋಟೆಗಳನ್ನು ಒಂದು ಸ್ಟೀಲ್ ಕೊಡದಲ್ಲಿ ಹಾಕಿ ಕುಲುಕಿ, ಎಂಟು ಜನ ಕೋಚ್‌ಗಳು ಒಂದೊಂದು ಎತ್ತಿಕೊಂಡಿದ್ದರು. ತನ್ನದೇ ತಂಡದ ಪಟ್ಟಿ ಎಂದು ಗುರುತು ಸಿಕ್ಕರೆ ತಿರುಗಿ ಕೊಡಬೇಕು. ಇಲ್ಲವಾದರೆ ಹೆಸರು ಹಾಕದೆ, ತನ್ನ ಕೈಯಾರೆ ಅಭಿಪ್ರಾಯ ಬರೆದು ಕಳಿಸಬೇಕು.

ಮಾಸ್ತರರೂ ಎರಡು ತಿಂಗಳ ಹಿಂದೆ, ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ, ತಮ್ಮ ಪಾಲಿನದನ್ನು ಗೀಚಿ ಕಳಿಸಿದ್ದರು. ಎರಡು ಸಾಲು ಓದುವುದರೊಳಗೆ ಅದು ಇಳಕಲ್ ತಂಡದ ಪಟ್ಟಿಯೆಂದು ಅವರಿಗೆ ಖಾತ್ರಿಯಾಗಿತ್ತು. ಇಳಕಲ್ಲಿನ ಕೋಚ್ ಶ್ರೀಧರ ಎಂಬ ಮೂವತ್ತರ ಹುಡುಗನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಂವ ಯಾವಾಗಲೂ ನಮಸ್ಕಾರ ಮಾಡುತ್ತಿದ್ದ, ಅದೇ ದೊಡ್ಡ ಸಿಟ್ಟು. ಹಾಗಾಗಿ ಕೈ ಬಿಚ್ಚಿ ಬರೆದಿದ್ದರು. ಈಗ ನೋಡಿದರೆ ಇಳಕಲ್ ತಂಡ ಮೊದಲನೆಯ ಸ್ಥಾನದಲ್ಲಿ ಕೂತಿದೆ!

"ನಾ ಬರದದ್ದು ಹರದು ಒಗದಾರ! ಮ್ಯಾಲ ಆ ಶ್ರೀಧರನ ಕೈಲೆ ನನ್ನ ತಂಡದ ಬಗ್ಗೆ ಬರಸ್ಯಾರ!"

ಈ ಕೂಗಿಗೆ ಪಕ್ಕದ ಮನೆಯ ಅಮಾತೆಪ್ಪ ಕಾಂಪೌಂಡಿನ ಮೇಲೆ ತಲೆ ಎತ್ತಿದರು. ಕೋರ್ಟಿನ ನಕಲು ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಇನ್ನೊಬ್ಬರ ಕಾಗದ ಓದದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ.

"ತರ್ರಿಲ್ಲೆ, ನಾ ಓದತೇನಿ," ಎಂದು ಮೊಬೈಲು ಕಸಿದುಕೊಂಡು ದೊಡ್ಡ ದನಿಯಲ್ಲಿ ಶುರು ಮಾಡಿದರು. "ನವನಗರ ತಂಡ. ತರಬೇತುದಾರರ ಕಣ್ಣಿನಲ್ಲಿ ಮಣ್ಣು ಕಂಡುಬಂದಿದೆ."

"ಕಣ್ಣಿನ ದವಾಖಾನಿಗೆ ಹೋಗ್ರಿ ಅಂತ ಹ್ವಾದ ವರ್ಷನ ಹೇಳಿದ್ದೆ," ಎಂದರು ಸುನಂದಾ ಬಾಗಿಲಿಗೆ ಬಂದು.

"ಕಾನೂನಿನ ಮಗಳೇ ಈ ತಂಡದ ಕಾಯಿಲೆ."

"ಏನಂದ್ರಿ? ಕಾನೂನಿಗೆ ಎಲ್ಲಿ ಮಗಳ ಬಂದ್ಲು?"

ಅಮಾತೆಪ್ಪ ಕನ್ನಡಕ ಸರಿಮಾಡಿಕೊಂಡರು. "ಕಾನೂನಿನ ಭಾಷಾ ನನಗ ಬಿಡ್ರಿ ಮಾಸ್ತರ. ಕಾನೂನಿನ ಮಗಳು ಅಂದ್ರ ವಕೀಲರ ಮಗಳು. ನಿಮ್ಮ ತಂಡದಾಗ ವಕೀಲರ ಮಗಳು ಯಾರದಾಳ?"

"ರಾಜಮಹ್ಮದ ವಕೀಲರ ಮಗಳು. ಮುಬಶೀರಾ."

"ಮತ್ತೇನ! ವಕೀಲರ ವಶೀಲಿಗೆ ಮಣದು ಆಕೀನ್ನ ಇಟ್ಕೊಂಡೀರಿ ಅಂತ ಇದರ ಅರ್ಥ. ಮುಂದ ಕೇಳ್ರಿ. ಎತ್ತರವು ಬೆಂಚಿನ ಮೇಲೆ ಕೊಳೆಯುತ್ತಿದೆ."

"ನಮ್ಮ ಬೆಂಚ್ ಕಬ್ಬಿಣದ್ದೈತಿ!" ಮಾಸ್ತರರು ಗುಡುಗಿದರು. "ಕಬ್ಬಿಣ ಎಂದಾದ್ರೂ ಕೊಳೀತೈತೇನ್ರಿ? ಬಂದು ಕಣ್ಣಲೆ ನೋಡದ ಬರದಾನ, ಮಗಾ!"

"ಹಳಬರು ಮತ್ತು ಹೊಸಬರ ನಡುವೆ ಲಿಂಕ್ ತೆರೆಯುತ್ತಿಲ್ಲ." ಅಮಾತೆಪ್ಪ ಆ ಸಾಲಿನ ಮೇಲೆ ಬೆರಳಿನಿಂದ ಎರಡು ಸಲ ಒತ್ತಿ ನೋಡಿದರು. "ಖರೇನ, ತೆರೀವಲ್ದು. ಕೊನೀಗೆ ಎಮ್ಮಿ ಬಗ್ಗೆ ಏನೋ ಐತಿ..."

"ಸಾಕ್ ಮಾಡ್ರಿ!" ಎಂದು ಮಾಸ್ತರರು ಮೊಬೈಲು ಕಿತ್ತುಕೊಂಡರು.

ವರದಿಯ ಕೆಳಗೆ ಎರಡು ಸೂಚನೆಗಳಿದ್ದವು. ಎಂಟನೆಯ ಸ್ಥಾನದ ಕೋಚ್‌ಗೆ ತಿದ್ದಿಕೊಳ್ಳಲು ಒಂದು ವರ್ಷ ಅವಕಾಶ. ಮುಂದಿನ ವರ್ಷವೂ ಹೀಗೇ ಆದರೆ ಸೀಟಿ ಬೇರೆಯವರಿಗೆ. ಇಂದು ಮಧ್ಯಾಹ್ನ ಎರಡಕ್ಕೆ ಇಳಕಲ್ಲಿನಲ್ಲಿ ಸಭೆ: ವಿಷಯ ಒಂದು, ಆಕ್ಷೇಪಣೆ, ವಿಷಯ ಎರಡು, ಸನ್ಮಾನ.

"ಸನ್ಮಾನ ಬ್ಯಾರೆ! ಆ ಶ್ರೀಧರಗ!" ಎನ್ನುತ್ತ ಮಾಸ್ತರರು ಬೂಟು ಹಾಕಿಕೊಂಡರು. ಒಂದು ವರ್ಷದ ಅವಕಾಶವನ್ನು ಸಿಟ್ಟಿನ ಭರದಲ್ಲಿ ಅವರು ಸರಿಯಾಗಿ ಓದಲೇ ಇಲ್ಲ.

ಏಳು ಗಂಟೆಗೆ ಮೈದಾನದಲ್ಲಿ ಹುಡುಗಿಯರು ಓಡುತ್ತಿದ್ದರು. ಮುಬಶೀರಾ ಹದಿನೇಳರ ಹುಡುಗಿ, ಐದು ಅಡಿ ಹನ್ನೊಂದು ಅಂಗುಲ. ನಾಲ್ಕು ವರ್ಷದ ಹಿಂದೆ ಶಾಲೆಯ ಸಜ್ಜದ ಮೇಲೆ ಸಿಕ್ಕಿಕೊಂಡಿದ್ದ ಚೆಂಡನ್ನು ಏಣಿಯಿಲ್ಲದೆ ತೆಗೆದದ್ದು ನೋಡಿ ಮಾಸ್ತರರೇ ಅವಳನ್ನು ಆರಿಸಿ ತಂದಿದ್ದರು. ಆರಿಸಿದ್ದು ಸರಿಯಾಗಿಯೇ ಇತ್ತು. ತಂದು ಬೆಂಚಿನ ಮೇಲೆ ಕೂರಿಸಿದರು. ಯಾಕೆಂದರೆ ಆಡುವ ಜಾಗದಲ್ಲಿ ಶ್ರುತಿ ಇದ್ದಳು, ಮಾಸ್ತರರ ಅಕ್ಕ ಶೀಲಾ ಅವರ ಮಗಳು. ನಾಲ್ಕು ಅಡಿ ಹತ್ತು ಅಂಗುಲದ ಈ ಹುಡುಗಿ ಚೆಂಡು ತನ್ನ ಕಡೆ ಬಂತೆಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಸ್ಪೋರ್ಟ್ಸ್ ಕೋಟಾದಾಗ ಸೀಟ್ ಸಿಗೂತನಾ ನನ್ನ ಮಗಳನ್ನ ತಗದೀಯಂದ್ರ ನೋಡು," ಎಂದು ಅಕ್ಕ ಅಪ್ಪಣೆ ಕೊಟ್ಟಿದ್ದರು. ಸಸಿ ತಂದು ಮೂಲೆಯಲ್ಲಿಟ್ಟು ನೀರು ಹಾಕದವನನ್ನು ಯಾರೂ ತೋಟಗಾರ ಅನ್ನುವುದಿಲ್ಲ. ಆದರೆ ಅಂಥವನ ಕೊರಳಿಗೆ ಸೀಟಿ ಕಟ್ಟಿ ಕೋಚ್ ಅನ್ನುತ್ತಾರೆ, ಹದಿನಾಲ್ಕು ವರ್ಷ.

ಮಾಸ್ತರರು ಸೀಟಿ ಊದಿದರು. "ಮುಬಶೀರಾ, ನಾಳಿಂದ ಬರಬ್ಯಾಡ."

ಹುಡುಗಿ ಬೆವರು ಒರೆಸುತ್ತ ನಿಂತಳು. "ಯಾಕ್ ಸರ್?"

"ನಿಮ್ಮಪ್ಪ ವಕೀಲ ಅದಾನ. ಅದಕ್ಕ."

"ನಮ್ಮಪ್ಪ ನಾ ಹುಟ್ಟೂಕಿಂತ ಮೊದಲಿಂದ ವಕೀಲ ಅದಾನ್ರಿ ಸರ್. ನಾ ಆಡೂದು ಬ್ಯಾಡ ಅಂದ್ರ ಆಟದ ಕಾರಣ ಹೇಳ್ರಿ."

"ವಾದಾ ಮಾಡಬ್ಯಾಡ! ನಿನ್ನ ಸಲುವಾಗಿ ನನ್ನ ತಂಡ ಎಂಟನೇ ನಂಬರಿಗೆ ಬಿತ್ತು!"

ಮುಬಶೀರಾಳ ಮುಖ ಕೆಂಪಾಯಿತು. ಮೈದಾನದ ನಡುಗೆರೆಯಲ್ಲಿ ನಿಂತು ಕೈಯಲ್ಲಿದ್ದ ಚೆಂಡನ್ನು ಎಸೆದಳು. ಅದು ರಿಂಗಿಗೂ ತಗಲದೆ ನೆಟ್ಟಿನೊಳಗಿಂದ ಸುಯ್ ಎಂದು ಇಳಿಯಿತು.

"ನಾಕು ವರ್ಷ ಆ ಬೆಂಚ್ ನಾ ಒರಸೇನ್ರಿ ಸರ್," ಎಂದಳು. "ಇನ್ನ ಮ್ಯಾಲ ನೀವ ಒರಸ್ಕೊರಿ."

ಚೀಲ ಹೆಗಲಿಗೆ ಹಾಕಿ ಹೊರಟೇ ಹೋದಳು. ಶ್ರುತಿ ಮೆಲ್ಲಗೆ ಹತ್ತಿರ ಬಂದು, "ಮಾಮಾ, ಆಕಿ ಬದ್ಲಿ ನನ್ನ ತಗೀರಿ. ನಿಮ್ಮ ಕಾಲಿಗೆ ಬೀಳತೇನಿ," ಎಂದಳು.

"ಬಾಯಿ ಮುಚ್ಚು! ಮನತನದ ಮಾನಾ ನಿನ್ನ ಕೈಯಾಗೈತಿ!"

ಒಂಬತ್ತಕ್ಕೆ ರಾಜಮಹ್ಮದ ವಕೀಲರು ಮಾಸ್ತರರ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ. ಕೂರಲಿಲ್ಲ, ನೀರೂ ಕುಡಿಯಲಿಲ್ಲ.

"ಮಾಸ್ತರ, ನಾ ಜಗಳಕ್ಕ ಬಂದಿಲ್ರಿ. ಜಗಳ ನನ್ನ ಧಂದೆ, ಐತ್ವಾರ ರಜಾ. ಆದ್ರ ಮನ್ಯಾಗ ಮಗಳು ಅಳಾಕತ್ತಾಳ. ಆಕಿ ನಿಮ್ಮ ತಂಡಕ್ಕ ಬ್ಯಾಡ ಅನ್ನೂದು ಖರೆ ಇದ್ರ, ಇಲ್ಲಿ ನಿಮ್ಮ ಕೈಲೆ ಬರದು ಸಹಿ ಮಾಡ್ರಿ. ಬ್ಯಾರೆ ತಂಡದವರು ಇದನ್ನ ಕೇಳ್ತಾರಂತ."

ಸುನಂದಾ ಹಿಂದಿನಿಂದ ಗಂಡನ ಅಂಗಿ ಜಗ್ಗಿದರು. ಆದರೆ ಕಾಂಪೌಂಡಿನ ಮೇಲಿದ್ದ ಅಮಾತೆಪ್ಪ, "ಬರದ ಒಗೀರಿ ಮಾಸ್ತರ! ವಶೀಲಿ ಇಲ್ಲ ಅನ್ನೂದಕ್ಕ ಇದ ಪುರಾವೆ!" ಎಂದು ಹುರಿದುಂಬಿಸಿದರು. ಮಾಸ್ತರರು ಪೆನ್ನು ತೆಗೆದು, "ಇವಳು ನಮ್ಮ ತಂಡಕ್ಕೆ ಬೇಕಾಗಿಲ್ಲ. ಯಾರು ಬೇಕಾದರೂ ಕರಕೊಳ್ಳಬಹುದು" ಎಂದು ಬರೆದರು. ಅವರ 'ಳ' ಅಕ್ಷರದ ಬಾಲ ಯಾವಾಗಲೂ ಕೆಳಗಿನ ಸಾಲಿನವರೆಗೂ ಇಳಿದು ಅಲ್ಲೊಂದು ಸುತ್ತು ಹಾಕುತ್ತಿತ್ತು. ಸಿಟ್ಟಿನಲ್ಲಿ ಅದು ಇವತ್ತು ಎರಡು ಸುತ್ತು ಹಾಕಿತು.

ವಕೀಲರು ಹಾಳೆ ಮಡಚಿಕೊಂಡರು. "ಅಕ್ಷರ ಛಲೋ ಅದಾವ್ರಿ ನಿಮ್ಮವು. ಎಲ್ಲಿ ಕಂಡ್ರೂ ಗುರ್ತ ಸಿಗ್ತಾವ."

ಹತ್ತೂವರೆಯ ಬಸ್ಸಿಗೆ ಮಾಸ್ತರರು ಇಳಕಲ್ಲಿಗೆ ಹೊರಟರು. ಅಮಾತೆಪ್ಪನವರನ್ನು ಯಾರೂ ಕರೆದಿರಲಿಲ್ಲ. ಅವರೇ ಕೋರ್ಟಿಗೆ ಹಾಕಿಕೊಳ್ಳುತ್ತಿದ್ದ ಹಳೆಯ ಕರಿ ಕೋಟು ಹಾಕಿಕೊಂಡು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದರು. ಬಸ್ಸು ಊರು ಬಿಡುವ ಮೊದಲೇ ಮುಂದಿನ ಸೀಟಿನವರಿಗೂ ಹಿಂದಿನ ಸೀಟಿನವರಿಗೂ ಪ್ರಕರಣದ ವಿವರ ತಿಳಿದಿತ್ತು.

"ಬಾಯಿಮಾತು ನಡ್ಯಾಂಗಿಲ್ರಿ, ಅರ್ಜಿ ಬರೀರಿ," ಎಂದರು ಅಮಾತೆಪ್ಪ.

ಮಾಸ್ತರರು ಮೊಣಕಾಲ ಮೇಲೆ ನೋಟುಬುಕ್ಕಿಟ್ಟು ಬರೆಯತೊಡಗಿದರು. "ಈ ವರದಿ ಬರೆದವನಿಗೆ ಆಟ ಗೊತ್ತಿಲ್ಲ, ಹುಡುಗಿಯರನ್ನು ಬೆಳೆಸುವುದು ಗೊತ್ತಿಲ್ಲ. ಇಂಥವನ ಕೈಗೆ ಇನ್ನು ಮೇಲೆ ಜಿಲ್ಲೆಯಲ್ಲಿ ಎಲ್ಲಿಯೂ ಸೀಟಿ ಕೊಡಬಾರದು."

"ಆಜೀವ ಅಂತ ಸೇರಸ್ರಿ. ತೂಕ ಬರತೈತಿ."

ಸೇರಿಸಿದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಅಮಾತೆಪ್ಪ ಇಳಿದು ಕರದಂಟಿನ ಪೊಟ್ಟಣ ತಂದರು. "ಗೆದ್ದ ಮ್ಯಾಲ ಹಂಚೂಣು," ಎಂದು ಹೇಳಿ, ಹುನಗುಂದ ಬರುವುದರೊಳಗೆ ಅರ್ಧ ತಾವೇ ತಿಂದರು. ಹುನಗುಂದ ದಾಟುತ್ತಿದ್ದಂತೆ ಒಂದು ಬಿಳಿ ಕಾರು ಬಸ್ಸನ್ನು ಹಿಂದೆ ಹಾಕಿ ಹೋಯಿತು. ಚಾಲಕನ ಪಕ್ಕದಲ್ಲಿ ಕೂತವರ ತಲೆ ಕಾರಿನ ಛತ್ತಿಗೆ ತಾಗುವಷ್ಟು ಎತ್ತರದಲ್ಲಿತ್ತು. ಅರ್ಜಿಯಲ್ಲಿ ಮುಳುಗಿದ್ದ ಮಾಸ್ತರರು ನೋಡಲಿಲ್ಲ.

ಇಳಕಲ್ಲಿನ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದಲ್ಲೇ ಸಭೆಯ ಹಾಲ್ ಇತ್ತು. ಮಾಸ್ತರರು ಗೇಟು ದಾಟುತ್ತಲೇ ಮೊದಲು ಕಂಡದ್ದು ಮುಬಶೀರಾ. ಇಳಕಲ್ಲಿನ ಹುಡುಗಿಯರ ನಡುವೆ ಓಡುತ್ತಿದ್ದಳು. ಅವಳ ಪಕ್ಕದಲ್ಲೇ ಒಬ್ಬ ಹಳೆಯ ಆಟಗಾರ್ತಿ ಬಿಡದೆ ಓಡುತ್ತ, ಎಲ್ಲಿ ನಿಲ್ಲಬೇಕು, ಯಾವಾಗ ಚೆಂಡು ಬಿಡಬೇಕು ಎಂದು ಕೂಗಿ ಹೇಳುತ್ತಿದ್ದಳು. ಹತ್ತು ನಿಮಿಷದಲ್ಲಿ ಹುಡುಗಿ ಏಳು ಸಲ ಬಾಸ್ಕೆಟ್ ಹಾಕಿದಳು. ನವನಗರದಲ್ಲಿ ಅವಳು ಒಂದು ವರ್ಷದಲ್ಲಿ ಆಡಿದ್ದು ಹತ್ತು ನಿಮಿಷ ಆಗಿರಲಿಲ್ಲ.

ಶ್ರೀಧರ ಓಡಿಬಂದು ನಮಸ್ಕಾರ ಮಾಡಿದ. "ಸರ್, ಇಂಥಾ ಹುಡುಗೀನ ಇಷ್ಟ ದಿನ ಎಲ್ಲಿ ಇಟ್ಟಿದ್ರಿ?"

ಬೆಂಚಿನ ಮಾತು ಬಿಟ್ಟು ಮಾಸ್ತರರು ಅವನ ಮೇಲೆಯೇ ತಿರುಗಿದರು. "ನೀ ಏನ್ ಮಾಟಾ ಮಾಡಾಕತ್ತೀಲೇ ಇಲ್ಲೆ?"

"ಮಾಟ ಏನಿಲ್ರಿ ಸರ್. ನಮ್ಮ ಮನ್ಯಾಗ ಸೀರಿ ನೇಯ್ತೇವಲ್ರಿ, ಸೆರಗು ಬ್ಯಾರೆ, ಒಡಲು ಬ್ಯಾರೆ. ಎರಡಕ್ಕೂ ಕೊಂಡಿ ಹಾಕಿ ಎಳಿಗೆ ಎಳಿ ಜೋಡಸ್ತೇವಿ. ಹಂಗ ಹೊಸ ಹುಡುಗೀಗೆ ಒಬ್ಬಾಕಿ ಹಳೇ ಹುಡುಗೀನ ಕೊಂಡಿ ಹಾಕ್ತೇನ್ರಿ. ಅಷ್ಟರಿ."

"ನನಗ ನೇಕಾರಕಿ ಕಲಸಬ್ಯಾಡ. ನನ್ನ ಹೇಣ್ತಿನೂ ಇಳಕಲ್ಲಾಕಿನ!" ಎಂದು ಮಾಸ್ತರರು ಅವನನ್ನು ತಳ್ಳಿಕೊಂಡೇ ಒಳಗೆ ನಡೆದರು.

ಹಾಲಿನಲ್ಲಿ ಉಳಿದ ಊರುಗಳ ಕೋಚ್‌ಗಳು ಕೂತಿದ್ದರು. ಮೇಜಿನ ಮೇಲೆ ಒಂದು ಶಾಲು, ತೆಂಗಿನಕಾಯಿ, ಕಪ್ಪು ಗ್ರಾನೈಟಿನ ಫಲಕ. ಅದನ್ನು ನೋಡಿದೊಡನೆ ಮಾಸ್ತರರು ಅರ್ಜಿ ಹೊರಗೆ ತೆಗೆದರು. ಕೂಟದ ಕಾರ್ಯದರ್ಶಿ ನೀಲಾಬಾಯಿ ಹಿಂದೆ ಯೂನಿವರ್ಸಿಟಿಗೆ ಆಡಿದ ಹೆಂಗಸು. ಈಗ ಮೊಣಕಾಲು ನೋವಿನಿಂದ ಕೂತೇ ಮಾತಾಡುತ್ತಿದ್ದರು, ಆದರೂ ಅವರ ಮಾತಿಗೆ ಎಲ್ಲರೂ ಹೆದರುತ್ತಿದ್ದರು.

"ವಿಷಯ ಒಂದು, ಆಕ್ಷೇಪಣೆ. ಯಾರದಾದ್ರೂ ಐತೇನ್ರಿ?"

ಮಾಸ್ತರರು ಎದ್ದು ಅರ್ಜಿ ಓದಿದರು. ಓದಿದರು ಎನ್ನುವುದಕ್ಕಿಂತ ಒದರಿದರು ಅನ್ನಬೇಕು. ಹೊರಗೆ ಆಡುತ್ತಿದ್ದ ಹುಡುಗಿಯರೂ ಒಂದು ಗಳಿಗೆ ನಿಂತರು.

"ಮಾಸ್ತರ, ಬರದವರ ಹೆಸರು ಹೇಳಾಂಗಿಲ್ಲ ಅಂತ ನಿಯಮ ಐತಿ," ಎಂದರು ನೀಲಾಬಾಯಿ. "ಮತ್ತ ನಿಮಗ ಒಂದು ವರ್ಷ ಟೈಮ್ ಐತಲ್ಲ. ತಿದ್ದಿಕೊಂಡ್ರ ಆತು. ನನ್ನ ಮಾತ ಕೇಳ್ರಿ, ಕುಂದರ್ರಿ. ಎರಡನೇ ವಿಷಯಕ್ಕ ಹೋಗೂಣು."

"ಎರಡನೇ ವಿಷಯ ಸುಡ್ರಿ ಅತ್ತ! ಮೊದಲ ಆ ಕಳ್ಳನ ಹೆಸರು ಬೇಕು! ಅಂವಗ ಆಜೀವ ಸೀಟಿ ಬಂದ್ ಆಗಬೇಕು!"

"ಸರ್, ಬ್ಯಾಡ್ರಿ, ಬರದವರು ನಮ್ಮಾಗಿನವರ ಒಬ್ರು ಇರ್ತಾರ," ಎಂದ ಶ್ರೀಧರ.

"ನೋಡ್ರಿ, ನೋಡ್ರಿ! ಇವಂಗ ಯಾಕ ಬೆವರ ಬಂತು?"

ಉಳಿದ ಕೋಚ್‌ಗಳಿಗೂ ಒಳಗೊಳಗೇ ಉರಿ ಇತ್ತು; ಅವರ ತಂಡಗಳೂ ಇಳಕಲ್ಲಿನ ಕೆಳಗೇ ಇದ್ದವು. ಕೈ ಎತ್ತಿರಿ ಎಂದಾಗ ಶ್ರೀಧರನನ್ನು ಬಿಟ್ಟು ಎಲ್ಲರೂ ಎತ್ತಿದರು. ಮಾಸ್ತರರು ಎರಡೂ ಕೈ ಎತ್ತಿದ್ದರು. ನವನಗರದ ವರದಿ ಬರೆದವನಿಗೆ ಆಜೀವ ಸೀಟಿ ನಿಷೇಧ ಎಂಬ ಠರಾವು ಪಾಸಾಯಿತು. ನೀಲಾಬಾಯಿ ನಿಟ್ಟುಸಿರು ಬಿಟ್ಟು ಅದನ್ನು ಪುಸ್ತಕದಲ್ಲಿ ಬರೆದು ರುಜು ಹಾಕಿದರು. ಆಮೇಲೆ ಕಪಾಟಿನಿಂದ ಲಕೋಟೆ ತೆಗೆದರು.

"ಮೊದಲ ಒಂದು ಮಾತ ಹೇಳ್ತೇನಿ. ನಿಮ್ಮ ಮೊಬೈಲಿಗೆ ಬಂದ ಕನ್ನಡ ಸರಿ ಇಲ್ಲ. ನಮಗ ದೇಣಿಗಿ ಕೊಡೂ ಗ್ರಾನೈಟ್ ಸೇಠಗ ಕನ್ನಡ ಬರಂಗಿಲ್ಲ, ಅದಕ್ಕ ಎಲ್ಲಾ ಇಂಗ್ಲಿಷಿಗೆ ಹಾಕಿದ್ವಿ. ಮತ್ತ ನಿಮಗ ಕಳಸಾಕ ಮೊಬೈಲ್ ಕೈಲೆ ಕನ್ನಡಕ್ಕ ತಿರುವಿಸಿದ್ವಿ. ಈಗ ಕೈಲೆ ಬರದದ್ದು ಓದತೇನಿ."

ನೀಲಾಬಾಯಿ ಹಾಳೆ ಬಿಡಿಸಿ ಓದತೊಡಗಿದರು.

"ಕೋಚನ ಕಣ್ಣಾಗ ಮಣ್ಣ ಬಿದ್ದೈತಿ."

ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಮಾಸ್ತರರಿಗೆ ಅನಿಸಿತು.

"ಸೊಸೀನ ತಂದು ತಂಡದಾಗ ತುರುಕಿದ್ದ ಈ ತಂಡಕ್ಕ ಹತ್ತಿದ ರೋಗ."

"ಸೊಸಿ?" ಮಾಸ್ತರರು ತೊದಲಿದರು. "ಕಾನೂನಿನ ಮಗಳಲ್ಲೇನ್ರಿ?"

"ಅಕ್ಕನ ಮಗಳು, ಸೊಸಿ. ಅದು ಇಂಗ್ಲಿಷಿಗೆ ಹೋಗಿ ಡಾಟರ್ ಇನ್ ಲಾ ಆತು, ತಿರುಗಿ ಬರೂದ್ರಾಗ ಕಾನೂನಿನ ಮಗಳಾಗಿ ಕುಂತೈತಿ. ಮುಂದ ಕೇಳ್ರಿ. ಎತ್ತರದ ಹುಡುಗಿ ಬೆಂಚಿನ ಮ್ಯಾಲ ಕೊಳ್ಯಾಕತ್ತಾಳ."

ಹೊರಗೆ ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ತಾವು ಬೆಳಿಗ್ಗೆ ಯಾರನ್ನು ಹೊರಗೆ ಹಾಕಿದೆವು, ಯಾರನ್ನು ಇಟ್ಟುಕೊಂಡೆವು ಎಂಬುದು ಮಾಸ್ತರರಿಗೆ ಆಗ ತಿಳಿಯಿತು.

"ಹಳಬರಿಗೂ ಹೊಸಬರಿಗೂ ಕೊಂಡಿ ಇಲ್ಲ..."

"ಸಿಕ್ಕಾ!" ಅಮಾತೆಪ್ಪ ಕರಿ ಕೋಟು ಕೊಡವಿಕೊಂಡು ಎದ್ದರು. "ಕೊಂಡಿ ನೇಕಾರ್ರ ಮಾತು. ಇದು ಶ್ರೀಧರಂದ ಬರಹ!"

ಆದರೆ ಮಾಸ್ತರರು ಚಪ್ಪಾಳೆ ತಟ್ಟಲಿಲ್ಲ. ಆ ಮಾತನ್ನು ಅವರು ಸುನಂದಾ ಬಾಯಿಂದ ದಿನಾ ಕೇಳುತ್ತಿದ್ದರು.

"ಇಂಥಾವನ ಕೈಯಾಗ ತಂಡ ಕೊಡೂದಕ್ಕಿಂತ ನಾಕ ಎಮ್ಮಿ ಕೊಡ್ರಿ. ಅವೂ ಇವನ ಮಾತ ಕೇಳಾಂಗಿಲ್ಲ."

ಮಾಸ್ತರರ ಕಣ್ಣ ಮುಂದೆ ಹುನಗುಂದದ ಬಸ್‌ಸ್ಟ್ಯಾಂಡು ಬಂತು. ಆವತ್ತು ಪ್ಲಾಟ್‌ಫಾರ್ಮಿನ ಮೇಲೆ ಅಡ್ಡ ಮಲಗಿದ್ದ ನಾಲ್ಕು ಎಮ್ಮೆಗಳೂ ಬಂದವು.

"ಮೇಡಂ," ಎಂದರು, ದನಿಯಲ್ಲಿ ಇದ್ದಕ್ಕಿದ್ದಂತೆ ಜೇನು ತುಂಬಿಕೊಂಡು, "ಹೋಗ್ಲಿ ಬಿಡ್ರಿ. ಬರದಾಂವ ಯಾರೋ ಪಾಪ, ಕ್ಷಮಾ ಮಾಡೂಣು. ಎರಡನೇ ವಿಷಯಕ್ಕ ಹೋಗೂಣು."

"ಕ್ಷಮಾ?" ಅಮಾತೆಪ್ಪ ಕೆರಳಿದರು. "ಬಿಡಾಂಗಿಲ್ಲ! ಮೂವತ್ತೆರಡು ವರ್ಷ ಕೋರ್ಟಿನಾಗ ಅಕ್ಷರ ನೋಡೇನಿ. ತರ್ರಿ ಇಲ್ಲೆ!" ನೀಲಾಬಾಯಿಯವರ ಕೈಯಿಂದ ಹಾಳೆ ತೆಗೆದುಕೊಂಡರು. ಕೆಳಗೆ ಆಧಾರವಾಗಿ ಮಾಸ್ತರರ ಅರ್ಜಿಯನ್ನೇ ಇಟ್ಟುಕೊಂಡು ಕಣ್ಣು ಕಿರಿದು ಮಾಡಿದರು. ಮೇಲಿನ ಹಾಳೆ ನೋಡಿದರು, ಕೆಳಗಿನ ಹಾಳೆ ನೋಡಿದರು. ಮತ್ತೆ ಮೇಲಿನದು ನೋಡಿದರು. ತಜ್ಞನ ಹೆಮ್ಮೆ ಎಂಥದ್ದೆಂದರೆ, ಗೆಳೆಯ ಎದುರಿಗೆ ನಿಂತು ಕಣ್ಸನ್ನೆ ಮಾಡುತ್ತಿದ್ದರೂ ಅವರಿಗೆ ಕಾಣಲಿಲ್ಲ.

"ಈ 'ಳ'ಕಾರದ ಬಾಲ ನೋಡ್ರಿ! ಇಲ್ಲೂ ಸುತ್ತು, ಅಲ್ಲೂ ಸುತ್ತು. ಎರಡೂ ಒಂದ ಕೈಲೆ ಬರದದ್ದು. ನೂರಕ್ಕ ನೂರು!" ಎಂದು ಘೋಷಿಸಿಯೇಬಿಟ್ಟರು. ಆಮೇಲೆ ಅರ್ಜಿಯ ಕೆಳಗಿನ ಸಹಿ ಓದಿ ಮೆಲ್ಲಗೆ ಕುಳಿತರು.

ನೀಲಾಬಾಯಿ ಯಾರು ಯಾವ ಲಕೋಟೆ ಎತ್ತಿದರು ಎಂಬ ಪಟ್ಟಿ ತೆಗೆದು ಬೆರಳಿಟ್ಟು ನೋಡಿದರು. "ಹೌದು. ನಿಮ್ಮದ ಪಟ್ಟಿ ನಿಮಗ ಬಂದಿತ್ತು. ಮಾಸ್ತರ, ನಿಮ್ಮ ತಂಡ ನಿಮಗ ಗುರ್ತ ಹತ್ತಲಿಲ್ಲೇನ್ರಿ?"

"ಹತ್ತಿತ್ರಿ," ಎಂದರು ಮಾಸ್ತರರು, ನೆಲ ನೋಡುತ್ತ. "ಇಳಕಲ್ ತಂಡ ಅಂತ ಹತ್ತಿತ್ತು. ಅದರಾಗ ಸೊಸಿ ಅಂತ ಇತ್ತು. ಇಲ್ಲೆ ಒಂದು ಹುಡುಗಿ ಶ್ರೀಧರಗ ಮಾಮಾ ಅನ್ನೂದು ಕೇಳಿದ್ದೆ."

"ಆಕಿ ಬಸ್ಸಿನ ಕಂಡಕ್ಟರಗೂ ಮಾಮಾ ಅಂತಾಳ್ರಿ ಸರ್," ಎಂದ ಶ್ರೀಧರ, ನೋವಿನಿಂದ.

ನೀಲಾಬಾಯಿ ಮೇಜಿನ ಮೇಲಿದ್ದ ಫಲಕವನ್ನು ಮಾಸ್ತರರ ಕಡೆ ತಿರುಗಿಸಿದರು. ಕಪ್ಪು ಕಲ್ಲಿನ ಮೇಲೆ ಹೊಳೆಯುವ ಅಕ್ಷರಗಳಿದ್ದವು: 'ಜಿಲ್ಲಾ ತಂಡದ ನೂತನ ಕೋಚ್ ಅವರಿಗೆ'.

"ಎಂಟು ವರದಿ ಬಂದಿದ್ವು," ಎಂದರು ಅವರು. "ಏಳು ಜನ ಸಕ್ರಿ ಪಾಕ ಹೊಯ್ದು ಬರದಿದ್ರು. ಖರೆ ಮಾತ ಬರದದ್ದು ಇದೊಂದ. ಇಷ್ಟು ಸರಿಯಾಗಿ ರೋಗದ ಗುರ್ತ ಹಿಡದವರು ಯಾರ ಇರ್ಲಿ, ಜಿಲ್ಲಾ ತಂಡ ಅವರ ಕೈಗೆ ಕೊಡೂಣು ಅಂತ ಸೇಠರೂ ನಾನೂ ಮಾತಾಡಿದ್ವಿ. ಎರಡನೇ ವಿಷಯ ಅದ ಇತ್ತು. ನಿಮಗ ಕುಂದರ್ರಿ ಅಂತ ಹೇಳಿದೆ."

ಹುಟ್ಟಿದಾಗಿನಿಂದ ಮಾಸ್ತರರಿಗೆ ಸಿಟ್ಟು ಮಾಡಲು ಯಾರಾದರೊಬ್ಬರು ಸಿಗುತ್ತಲೇ ಇದ್ದರು. ಇವತ್ತು ಮೊದಲ ಸಲ, ಹುಡುಕಿದರೂ ಬೇರೆ ಯಾರೂ ಸಿಗಲಿಲ್ಲ.

"ಠರಾವು ಹಿಂದಕ್ಕ ತೊಗೋಬಹುದಲ್ರಿ?" ಎಂದು ಅಮಾತೆಪ್ಪ ಸಣ್ಣ ದನಿಯಲ್ಲಿ ಕೇಳಿದರು.

"ಆಜೀವ ಅಂತ ಬರದಾರ್ರಿ," ಎಂದರು ನೀಲಾಬಾಯಿ. "ಯಾರ ಸೇರಸಿದ್ರೋ ಏನೋ."

ಮಾಸ್ತರರು ಕೊರಳಿನಿಂದ ಕರಿ ದಾರ ತೆಗೆದು ಸೀಟಿಯನ್ನು ಮೇಜಿನ ಮೇಲೆ, ತೆಂಗಿನಕಾಯಿಯ ಪಕ್ಕ ಇಟ್ಟರು. ಹೊರಗೆ ಬಂದಾಗ ಮುಬಶೀರಾ ಆಟ ನಿಲ್ಲಿಸಿ ಅವರನ್ನು ನೋಡಿದಳು. ಏನಾದರೂ ಹೇಳಬೇಕು ಎಂದು ಅವರಿಗೆ ಬಹಳ ಅನಿಸಿತು. "ಕೈ ಇನ್ನೊಂಚೂರು ಮ್ಯಾಲ ಎತ್ತಿ ಒಗಿ," ಎಂದಷ್ಟೇ ಹೇಳಿದರು. ಹುಡುಗಿ ಕೈ ಎತ್ತಿ ಒಗೆದಳು, ಚೆಂಡು ಬಾಸ್ಕೆಟ್ಟಿನೊಳಗೆ ಬಿತ್ತು. ನಾಲ್ಕು ವರ್ಷದಲ್ಲಿ ಅವಳಿಗೆ ಅವರು ಕಲಿಸಿದ್ದು ಅದೊಂದೇ.

ಸಂಜೆಯ ಬಾಗಲಕೋಟೆ ಬಸ್ಸಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಶ್ರುತಿಯ ಫೋನು ಬಂತು. "ಮಾಮಾ, ನಿಮ್ಮ ಸೀಟಿ ಹೋತಂತ, ಖರೇನಾ? ಹಂಗಂದ್ರ ನಾ ನಾಳಿಂದ ಬರೂದು ಬ್ಯಾಡಲ್ಲ?" ಅವಳ ಖುಷಿ ಪಕ್ಕದ ಸೀಟಿನವರಿಗೂ ಕೇಳುವಷ್ಟಿತ್ತು. ಅಮಾತೆಪ್ಪ ಉಳಿದ ಕರದಂಟಿನ ತುಂಡನ್ನು ಮುಂದೆ ಚಾಚಿದರು. ಮಾಸ್ತರರು ಅದನ್ನು ನೋಡಲೂ ಇಲ್ಲ. ಕೈ ತಾನಾಗಿ ಕೊರಳಿನ ಹತ್ತಿರ ಹೋಗುತ್ತಿತ್ತು, ಏನೂ ಸಿಗದೆ ಕೆಳಗಿಳಿಯುತ್ತಿತ್ತು.

ಅಷ್ಟರಲ್ಲಿ ಬಸ್ಸಿನೊಳಗೆ ಸುರ್ ಎಂದು ಸೀಟಿ ಕೇಳಿಸಿತು. ಮಾಸ್ತರರು ದಿಗ್ಗನೆದ್ದು ನಿಂತರು. ಮುಖ ಕೆಂಡವಾಗಿತ್ತು.

"ಯಾವನಲೇ ಅಂವ ಸೀಟಿ ಊದಿದಾಂವ?"

ಅಮಾತೆಪ್ಪ ಅವರ ಅಂಗಿ ಹಿಡಿದು ಕೂರಿಸಿದರು. "ಸುಮ್ಮ ಕುಂದರ್ರಿ ಮಾಸ್ತರ. ಕಂಡಕ್ಟರ್ ಅದಾನ. ಅವಂಗ ಇನ್ನೂ ಅಧಿಕಾರ ಐತಿ."